ಎಫ್ ಸಾಲು, ಹನ್ನೆರಡನೇ ಸೀಟು

ಇಚಿಲಂಪಾಡಿ
11 ನವೆಂಬರ್ 2024, ಸೋಮವಾರ

ಪ್ರೀತಿಯ ಪೂವಕ್ಕನಿಗೆ,

ನಾವೆಲ್ಲ ಸೌಖ್ಯ. ಜೀಪು ಓಡಿಸುತ್ತಾ ಫೋನ್ ತೆಗೆಯುವವನ ಹತ್ತಿರ ಮಾತಿಲ್ಲ ಅಂತ ನೀನು ಹಟ ಹಿಡಿದು ಎರಡು ವರ್ಷ ಆಯಿತು. ನನ್ನ ಅಕ್ಷರ ಸ್ವಲ್ಪ ದುಂಡಗಾದದ್ದು ಬಿಟ್ಟರೆ ಅದರಿಂದ ಬೇರೆ ಲಾಭ ಕಾಣುವುದಿಲ್ಲ.

ನಿನ್ನೆ ಜೀಪನ್ನು ಕಡಬದಲ್ಲಿ ನಿಲ್ಲಿಸಿ ಬಸ್ಸಿನಲ್ಲಿ ಪುತ್ತೂರಿಗೆ ಹೋಗಿ ಮಧ್ಯಾಹ್ನದ ಆಟ ನೋಡಿ ಬಂದೆ. ನನ್ನ ಹೆಂಡತಿ ತೀರಿದ ಮೇಲೆ ಭಾನುವಾರ ಮನೆಯಲ್ಲಿ ಕೂರಲಿಕ್ಕೆ ನನ್ನಿಂದ ಆಗುವುದಿಲ್ಲ, ನಿನಗೆ ಗೊತ್ತು. ಕನ್ನಡ ಪಿಕ್ಚರ್, ಹೊಡೆದಾಟದ್ದು. ನಾಯಕ ಮೊದಲ ಹತ್ತು ನಿಮಿಷ ಬೆನ್ನು ಮಾತ್ರ ತೋರಿಸುತ್ತಾನೆ. ಮುಖ ತೋರಿಸಿದಾಗ ಜನ ಕಾಗದದ ಚೂರು ಹಾರಿಸಿದರು. ನನಗೆ ಬೆನ್ನೇ ವಾಸಿ ಇತ್ತು ಅಂತ ಅನಿಸಿತು. ಆಮೇಲೆ ಒಂದು ಮರಳಿನ ಲಾರಿ ಸೇತುವೆಯಿಂದ ಹಾರುತ್ತದೆ. ಮೂವತ್ತೊಂದು ವರ್ಷ ಗಾಡಿ ಓಡಿಸಿದವ ನಾನು. ಲೋಡ್ ಇದ್ದ ಲಾರಿ ಹಾಗೆ ಹಾರುವುದಿಲ್ಲ. ಹಾರಿದರೂ ಇಳಿದ ಮೇಲೆ ಆಕ್ಸಲ್ ಉಳಿಯುವುದಿಲ್ಲ. ಇವನು ಅದೇ ಲಾರಿಯಲ್ಲಿ ಹುಡುಗಿಯನ್ನು ಕೂರಿಸಿಕೊಂಡು ಹಾಡು ಹೇಳುತ್ತಾ ಘಾಟಿ ಹತ್ತುತ್ತಾನೆ! ಆದರೂ ಅಮ್ಮ ಜೈಲಿನ ಗೇಟಿನ ಹತ್ತಿರ ಬುತ್ತಿ ಹಿಡಿದು ನಿಂತಲ್ಲಿ ನನಗೆ ಕಣ್ಣು ತುಂಬಿತು. ಬುತ್ತಿಯ ಬಟ್ಟೆ ನಮ್ಮ ಅಮ್ಮನ ಹಳೇ ಸೀರೆಯ ಬಣ್ಣದ್ದು.

ಕೌಂಟರಿನ ಹುಡುಗಿಗೆ ನನ್ನ ಗುರುತಾಗಿದೆ. "ಎಫ್ ಹನ್ನೆರಡಾ ಅಂಕಲ್?" ಅಂತ ಅವಳೇ ಕೇಳುತ್ತಾಳೆ. ವರ್ಷದ ಮೇಲಾಯಿತು, ಅದೇ ಸೀಟು. ಪರದೆಗೆ ಸರೀ ನಡು. ಆದರೆ ಥಿಯೇಟರಿನವರು ಪರದೆಯನ್ನೇ ಸ್ವಲ್ಪ ಸಣ್ಣ ಮಾಡಿದ್ದಾರೋ ಎಂತದೋ.

ಶಾಲೆಯ ಟ್ರಿಪ್ಪು ಮೊದಲಿನ ಹಾಗೇ ಉಂಟು. ಬೆಳಿಗ್ಗೆ ಹನ್ನೊಂದು ಮಕ್ಕಳು, ನನ್ನ ಮೊಮ್ಮಗಳು, ನಮ್ಮ ಉದಯನ ಮಗಳು ಯಶಸ್ವಿ ಸೇರಿ. ಅವಳೀಗ ಮೂರನೇ ಕ್ಲಾಸು, ಹಿಂದಿನ ಬಾಗಿಲ ಹತ್ತಿರವೇ ಕೂರಬೇಕು ಅಂತ ಅವಳ ಹಟ. ಮಕ್ಕಳ ಜೊತೆ ಊರಿನವರೂ ಹತ್ತುತ್ತಾರೆ, ಆದರೆ ನಿನ್ನ ಶಿಷ್ಯೆ ರಸೀನಾ, ಅವಳ ತಾಯಿ ಪಾತುಮ್ಮ ಈಗ ನಮ್ಮ ಜೀಪಿಗೆ ಬರುವುದಿಲ್ಲ. ಎರಡು ತಿಂಗಳಾಯಿತು. ಅವರ ಜನರದ್ದೇ ಒಂದು ಹೊಸ ರಿಕ್ಷಾ ಬಂದಿದೆ, ಅದರಲ್ಲಿ ಹೋಗುದಿರಬೇಕು. ಈಗ ಎಲ್ಲರೂ ಹಾಗೆ. ನಾನು ಕೇಳಲಿಕ್ಕೆ ಹೋಗಲಿಲ್ಲ.

ನಿನ್ನ ತಮ್ಮ,
ಮಾಯಿಲಪ್ಪ


ಸುಳ್ಯ
17 ನವೆಂಬರ್ 2024

ಪ್ರಿಯ ಮಾಯಿಲ,

ಕಾಗದ ಬಂತು. ಲಾರಿಯ ವಿಷಯ ಓದಿ ನಕ್ಕೆ. ಪಕ್ಕದ ಮನೆಯ ಗೋದಾವರಿಯವರಿಗೂ ಓದಿ ಹೇಳಿದೆ.

ನಾನು ಈಗ ಓದುತ್ತಿರುವುದು ಯಾವುದೋ ಚಳಿದೇಶದ ಕಾದಂಬರಿಯ ಕನ್ನಡ ಅನುವಾದ. ನೂರ ಹತ್ತನೇ ಪುಟದಲ್ಲಿ ಅಳಿಯ ಸಿಟ್ಟಿನಿಂದ ಊಟ ಬಿಟ್ಟು ಎದ್ದು ಹೋಗುತ್ತಾನೆ. ಸಿಟ್ಟು ಬರುವಂಥದ್ದು ನೂರ ಒಂಬತ್ತನೇ ಪುಟದಲ್ಲಿ ಏನೂ ನಡೆದಿಲ್ಲ. ಅನುವಾದಕರು ಒಂದು ಪ್ಯಾರಾ ನುಂಗಿದ್ದಾರೆ. ಇಂಥವನ್ನು ಓದಿ ಓದಿ, ನುಂಗಿದ ಜಾಗ ಎಲ್ಲಿ ಎಂದು ನನಗೆ ಬೇಗ ತಿಳಿಯುತ್ತದೆ.

ನಿನ್ನ ಕಾಗದದಲ್ಲಿ ರಸೀನಾಳ ವಿಷಯವೂ ಹಾಗೇ ಇದೆ. ಅವಳು ನಾಲ್ಕನೇ ಕ್ಲಾಸಿನಲ್ಲಿ ನನ್ನ ಮುಂದೆ ಕೂತಿದ್ದಾಗಿನಿಂದ ಆ ಮನೆಯವರು ನಿನ್ನ ಜೀಪಿನಲ್ಲಿ ಓಡಾಡಿದವರು. ಒಂದು ಹೊಸ ರಿಕ್ಷಾ ಬಂದ ಕೂಡಲೇ ಹೇಳದೆ ಕೇಳದೆ ಬಿಟ್ಟರೇ? ನಡುವೆ ಏನೋ ನಡೆದಿರಬೇಕು. ನೀನು ಬರೆದಿಲ್ಲ.

ಇನ್ನೊಂದು. ಥಿಯೇಟರಿನವರು ಪರದೆ ಸಣ್ಣದು ಮಾಡಲು ಗೋಡೆಯನ್ನೇ ಬದಲಿಸಬೇಕು. ಯಾಕೆ ಮಾಡುತ್ತಾರೆ? ಮತ್ತೆ, ವರ್ಷವಿಡೀ ಒಂದೇ ಸೀಟು ಯಾಕೆ? ಚಿಕ್ಕವನಿದ್ದಾಗ ಟೆಂಟ್ ಸಿನಿಮಾದಲ್ಲಿ ಒಂದು ಕಡೆ ಕೂರದೆ ಆಟ ಮುಗಿಯುವುದರೊಳಗೆ ಮೂರು ಜಾಗ ಬದಲಿಸುತ್ತಿದ್ದವನು ನೀನು.

ನಿನ್ನ ಅಕ್ಕ,
ಪೂವಮ್ಮ


ಇಚಿಲಂಪಾಡಿ
25 ನವೆಂಬರ್ 2024

ಪ್ರೀತಿಯ ಅಕ್ಕ,

ಸೀಟಿನ ವಿಷಯ ಕೇಳಿದ್ದೀ. ಅಭ್ಯಾಸ, ಅಷ್ಟೆ. ನಿವೃತ್ತಿಯಾದರೂ ನಿನ್ನ ಟೀಚರ್ ಬುದ್ಧಿ ಹೋಗಲಿಲ್ಲ ಮಾರಾಯ್ತಿ. ರಸೀನಾಳ ವಿಷಯದಲ್ಲಿ ನಾನು ಎಂತದೂ ನುಂಗಲಿಲ್ಲ. ಅವರೇ ಬಿಟ್ಟದ್ದು.

ನಿನ್ನೆ ನೋಡಿದ್ದು ಮಲಯಾಳ ಪಿಕ್ಚರ್. ಒಳ್ಳೆಯದು ಅಂತ ಬಸ್ಸಿನಲ್ಲಿ ಎಲ್ಲರೂ ಹೇಳುತ್ತಿದ್ದರು. ಒಳ್ಳೆಯದೇ, ಆದರೆ ನಿಧಾನ. ಒಬ್ಬಳು ನರ್ಸು, ಮನೆ ಬಿಟ್ಟು ಹೋದವಳು, ಹದಿನೈದು ವರ್ಷದ ಮೇಲೆ ಊರಿಗೆ ಬರುತ್ತಾಳೆ. ಅಪ್ಪನಿಗೂ ಅವಳಿಗೂ ಮಾತಿಲ್ಲ. ಅಪ್ಪನ ಪಾರ್ಟು ಮಾಡಿದವ ಹಲ್ಲುಜ್ಜುವುದನ್ನು ನೋಡಿದರೇ ಸಾಕು, ಎಂಥ ಮೊಂಡ ಅಂತ ಗೊತ್ತಾಗುತ್ತದೆ. ಮೀನಿನ ಸಾರು ಕುದಿಯುವ ಸದ್ದು ಎಷ್ಟು ಚೆನ್ನಾಗಿ ಹಿಡಿದಿದ್ದಾರೆಂದರೆ ನನಗೆ ಹಸಿವೆ ಆಯಿತು.

ಆದರೆ ಕೊನೆಗೆ ಹಾಳು ಮಾಡಿದರು. ಅವಳು ಆಸ್ಪತ್ರೆಯ ಬೆಂಚಿನ ಮೇಲೆ ಒಬ್ಬಳೇ ಕೂತು ಗಾಳಿಗೆ ಮಾತಾಡುತ್ತಾಳೆ. ಐದು ನಿಮಿಷ ಅಲ್ಲ, ಜಾಸ್ತಿ. ಚಿಕ್ಕಂದಿನದ್ದು, ಅಪ್ಪ ಹೊಡೆದದ್ದು, ಎಲ್ಲ. ಕೇಳುವವರು ಯಾರೂ ಇಲ್ಲ. ತಲೆ ಕೆಟ್ಟಿತು ಅಂತ ತೋರಿಸುವುದಾದರೆ ಇಷ್ಟುದ್ದ ಬೇಕಾ? ನನ್ನ ಸುತ್ತ ಇದ್ದವರೆಲ್ಲ ಮೂಗೊರೆಸಿಕೊಳ್ಳುತ್ತಿದ್ದರು. ಎಂತಕ್ಕೆ ಅಂತ ನನಗೆ ಅರ್ಥ ಆಗಲಿಲ್ಲ. ನಾನು ಗಟ್ಟಿ ಮನಸ್ಸಿನವನಾದೆನೋ ಏನೋ.

ಮಾಯಿಲಪ್ಪ


ಸುಳ್ಯ
21 ಡಿಸೆಂಬರ್ 2024

ಮಾಯಿಲ,

ಉತ್ತರ ತಡವಾಯಿತು. ಬೇಕೆಂದೇ ತಡ ಮಾಡಿದೆ. ಎರಡು ವಿಷಯ ಇವೆ.

ಮೊದಲನೆಯದು. ನೀನು ಬರೆದ ಮಲಯಾಳ ಸಿನಿಮಾ ಗೋದಾವರಿಯವರ ಟೀವಿಯಲ್ಲಿ ಬಂತು. ಮೊನ್ನೆ ಇಬ್ಬರೂ ಕೂತು ನೋಡಿದೆವು. ಆಸ್ಪತ್ರೆಯ ಬೆಂಚಿನ ದೃಶ್ಯ ಏಳು ನಿಮಿಷ ಇದೆ. ಅವಳು ಗಾಳಿಗೆ ಮಾತಾಡುವುದಿಲ್ಲ. ಎಡಗಡೆ ಬಾಗಿಲಲ್ಲಿ ಅವಳ ಅಪ್ಪ ನಿಂತಿದ್ದಾನೆ. ಮೊದಲಿನಿಂದ ಕೊನೆಯವರೆಗೆ ನಿಂತಿದ್ದಾನೆ, ಕೈಯಲ್ಲಿ ಫ್ಲಾಸ್ಕ್ ಹಿಡಿದುಕೊಂಡು. ಅವಳಿಗೆ ಗೊತ್ತಿಲ್ಲ ಎಂದು ಅವನು ತಿಳಿದಿದ್ದಾನೆ, ಅವಳಿಗೆ ಗೊತ್ತಿದೆ. ಆ ಸಿನಿಮಾ ಇರುವುದೇ ಅದಕ್ಕಾಗಿ. ಗೋದಾವರಿಯವರು ಕನ್ನಡಕ ತೆಗೆದು ಒರೆಸಿಕೊಂಡರು.

ನೋಡಿದವನು ಆ ಅಪ್ಪನನ್ನು ಬಿಟ್ಟು ಬರೆಯಲು ಸಾಧ್ಯವೇ ಇಲ್ಲ. ನೀನು ಆ ಸಿನಿಮಾ ನೋಡಿಲ್ಲ. ಯಾರೋ ಹೇಳಿದ್ದನ್ನು ಕೇಳಿ ಬರೆದಿದ್ದೀ.

ಎರಡನೆಯದು. ಗುರುವಾರ ರಸೀನಾ ಬಂದಿದ್ದಳು. ಸುಳ್ಯದಲ್ಲಿ ನೆಂಟರ ಮದುವೆ, ಹಾಗೆಯೇ ನನ್ನನ್ನು ನೋಡಿ ಹೋಗಲು. ಚಹಾ ಕುಡಿದು ಲೋಟ ತೊಳೆದಿಟ್ಟಳು. ಆಮೇಲೆ ಬಾಗಿಲ ಹತ್ತಿರ ನಿಂತು ಕೇಳಿದಳು:

"ಟೀಚರ್, ಮಾಯಿಲಣ್ಣನಿಗೆ ನಮ್ಮ ಮೇಲೆ ಎಂತದಾದರೂ ಬೇಜಾರು ಉಂಟಾ?"

"ಯಾಕೆ?" ಎಂದೆ.

"ನಮ್ಮ ಮನೆ ಹತ್ತಿರದ ತಿರುವಿನಲ್ಲಿ ಕೈ ತೋರಿಸಿದರೂ ಜೀಪು ನಿಲ್ಲಿಸುದಿಲ್ಲ. ಒಂದು ಸಲ ಅಲ್ಲ ಟೀಚರ್, ಐದು ಸಲ. ಒಂದು ದಿನ ಉಮ್ಮ ರಸ್ತೆಗೇ ಇಳಿದು ನಿಂತರು. ಮೈಗೆಲ್ಲ ಧೂಳು. ಮುಖ ಕೂಡ ತಿರುಗಿಸದೆ ಹೋದರು. ಆಮೇಲೆ ಉಮ್ಮ ಹೇಳಿದರು, ಇನ್ನು ಅಲ್ಲಿ ನಿಲ್ಲುದು ಬೇಡ, ಇದ್ದ ಮರ್ಯಾದೆ ಸಾಕು ಅಂತ. ಈಗ ಒಂದೂವರೆ ಕಿಲೋಮೀಟರು ನಡೆದು ಬಸ್ಸು ಹಿಡಿಯುದು."

"ರಿಕ್ಷಾ ಇದೆಯಂತಲ್ಲ?"

"ಯಾವ ರಿಕ್ಷಾ ಟೀಚರ್? ದಿನಾ ರಿಕ್ಷಾದಲ್ಲಿ ಹೋದರೆ ನಾನು ಹೊಲಿದದ್ದೆಲ್ಲ ಅದಕ್ಕೇ ಬೇಕು."

ಹೇಳುವಾಗ ಅವಳು ಅಳಲಿಲ್ಲ. ನನಗೆ ತಲೆ ಎತ್ತಲಾಗಲಿಲ್ಲ.

ಎರಡನ್ನೂ ಜೊತೆಗಿಟ್ಟು ನೋಡಿದೆ. ಭಾನುವಾರ ನೀನು ಪುತ್ತೂರಿಗೆ ಹೋಗುವುದು ನಿಜ. ಸಿನಿಮಾ ನೋಡುವುದು ಸುಳ್ಳು. ಹಾಗಾದರೆ ಎಲ್ಲಿಗೆ ಹೋಗುತ್ತೀ? ಯಾರ ಸಭೆಯಲ್ಲಿ ಕೂರುತ್ತೀ? ಅಲ್ಲಿ ಯಾರ ಜೀಪಿನಲ್ಲಿ ಯಾರನ್ನು ಹತ್ತಿಸಬಾರದು ಎಂದು ಪಾಠ ಹೇಳಿಕೊಡುತ್ತಾರೆಯೇ? ಅಮ್ಮನಿಗೆ ಹಾವು ಕಚ್ಚಿದಾಗ ಹೊತ್ತುಕೊಂಡು ರಸ್ತೆಯವರೆಗೆ ಓಡಿದವರು ಪಾತುಮ್ಮನ ಗಂಡ. ನೀನು ಆಗ ಹಿಂದೆ ಅಳುತ್ತಾ ಓಡಿದವನು. ನೆನಪಿದೆಯಲ್ಲ?

ಹೌದೋ ಅಲ್ಲವೋ, ಒಂದೇ ಮಾತಿನಲ್ಲಿ ಬರೆ.

ಪೂವಮ್ಮ


ಇಚಿಲಂಪಾಡಿ
27 ಡಿಸೆಂಬರ್ 2024

ಅಕ್ಕ,

ನಾನು ಯಾರ ಸಭೆಗೂ ಹೋಗುವವನಲ್ಲ. ಜೀಪು ನನ್ನದು. ನಿಲ್ಲಿಸುವ ಜಾಗದಲ್ಲಿ ನಿಲ್ಲಿಸುತ್ತೇನೆ, ತಿರುವಿನಲ್ಲಿ ನಿಲ್ಲಿಸುವುದಿಲ್ಲ. ಅವರು ಹಾಲಿನ ಸೊಸೈಟಿಯ ಹತ್ತಿರ ಬಂದು ನಿಲ್ಲಲಿ, ಎಲ್ಲರೂ ನಿಲ್ಲುವಲ್ಲಿ. ಇಲ್ಲದಿದ್ದರೆ ಬೇಡ. ಊರಿನವರು ಎಂತ ಬೇಕಾದರೂ ತಿಳಿದುಕೊಳ್ಳಲಿ. ನೀನೂ ತಿಳಿದುಕೊ.

ಬಾಗಿಲಲ್ಲಿ ಅಪ್ಪ ಇದ್ದದ್ದು ನನಗೆ ನೆನಪಿಲ್ಲ. ನಿದ್ದೆ ಬಂದಿರಬೇಕು.

ಇನ್ನು ಸಿನಿಮಾದ ವಿಷಯ ಬರೆಯುವುದಿಲ್ಲ. ಬರೆದರೆ ನೀನು ತಪ್ಪು ಹುಡುಕುತ್ತೀ.

ಮಾ.


ಸುಳ್ಯ
6 ಜನವರಿ 2025, ಸೋಮವಾರ

ಮಾಯಿಲ,

ನಿನ್ನೆ ನಾನು ಪುತ್ತೂರಿಗೆ ಬಂದಿದ್ದೆ. ನಿನ್ನನ್ನು ಹಿಡಿಯಲು ಬಂದಿದ್ದೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಕೌಂಟರಿನ ಹುಡುಗಿಯ ಹತ್ತಿರ ಎಫ್ ಹನ್ನೆರಡು ಖಾಲಿ ಇದೆಯೇ ಎಂದು ಕೇಳಿದೆ. "ಅದು ಒಬ್ಬರು ಅಂಕಲ್‌ದು ಆಂಟಿ, ಈಗ ಬರ್ತಾರೆ" ಎಂದಳು. ನಾನು ಎಚ್ ಸಾಲಿನಲ್ಲಿ ತೆಗೆದುಕೊಂಡೆ. ನೀನು ಬರುವುದಿಲ್ಲ ಎಂದೇ ನನಗೆ ಖಾತ್ರಿ ಇತ್ತು. ಬಂದೆ. ಒಬ್ಬನೇ ಬಂದೆ.

ಜಾಹೀರಾತು ಹಾಕಿದ್ದರು. ಎಲ್ಲರೂ ಮೊಬೈಲು ನೋಡುತ್ತಿದ್ದರು. ನೀನು ಒಂದು ಕಣ್ಣನ್ನು ಅಂಗೈಯಲ್ಲಿ ಮುಚ್ಚಿ ಪರದೆಯನ್ನು ದಿಟ್ಟಿಸಿದೆ. ಆಮೇಲೆ ಇನ್ನೊಂದು ಕಣ್ಣು. ಮತ್ತೆ ಮೊದಲನೆಯದು. ಸಿನಿಮಾ ಶುರುವಾದ ಮೇಲೆ ನಿನ್ನ ತಲೆ ಒಂದು ಕಡೆ ನಿಲ್ಲಲಿಲ್ಲ. ವಾಲಿಬಾಲ್ ನೋಡುವವರ ಹಾಗೆ ಆಚೆ ಈಚೆ ತಿರುಗುತ್ತಿತ್ತು. ನಾನು ಆ ಸಿನಿಮಾದ ಒಂದು ಮಾತನ್ನೂ ಕೇಳಲಿಲ್ಲ. ನಿನ್ನ ಹಿಂದಲೆಯನ್ನೇ ಎರಡು ಗಂಟೆ ನೋಡಿದೆ.

ಮುಗಿದ ಮೇಲೆ ನಾನು ಬೇಗ ಹೊರಗೆ ಬಂದು ಪಾಪ್‌ಕಾರ್ನಿನ ಕೌಂಟರಿನ ಹತ್ತಿರ ನಿಂತೆ. ಅಡಗಿ ನಿಲ್ಲಲಿಲ್ಲ. ನೀನು ನನ್ನ ಮುಂದೆಯೇ ಹೋದೆ, ನಾನು ನಿನ್ನ ಎಡಕ್ಕೆ ಮೂರು ಅಡಿ ದೂರದಲ್ಲಿದ್ದೆ. ನೀಲಿ ಸೀರೆ ಉಟ್ಟಿದ್ದೆ. ನೀನು ಮುಖ ತಿರುಗಿಸಲಿಲ್ಲ. ಕಂಡೂ ಕಾಣದ ಹಾಗೆ ಹೋದನಲ್ಲ ಎಂದು ಮೈಯೆಲ್ಲ ಉರಿಯಿತು. ನಿನ್ನ ಹೆಸರು ಹಿಡಿದು ಕೂಗಲು ಬಾಯಿ ತೆರೆದಿದ್ದೆ.

ಅಷ್ಟರಲ್ಲಿ ನೀನು ಬಾಗಿಲ ಪಕ್ಕದ ರಟ್ಟಿನಲ್ಲಿ ಕತ್ತರಿಸಿ ನಿಲ್ಲಿಸಿದ ನಾಯಕಿಗೆ ಭುಜ ಬಡಿದೆ. "ಸಾರಿ, ಸಾರಿ ಮಾರಾಯ್ರೆ" ಎಂದು ಕೈ ಮುಗಿದೆ. ಇಬ್ಬರು ಹುಡುಗಿಯರು ನಕ್ಕರು. ನೀನು ತಲೆಯನ್ನು ಪೂರ್ತಿ ತಿರುಗಿಸಿ ನೋಡಿದೆ, ಆಮೇಲೆ ಗೋಡೆಯನ್ನು ಸವರಿಕೊಂಡು ಮೆಟ್ಟಿಲಿಳಿದೆ.

ಆ ಹೊತ್ತಿನಲ್ಲಿ ನನಗೆ ಆಸ್ಪತ್ರೆಯ ಬಾಗಿಲಲ್ಲಿ ನಿಂತ ಅಪ್ಪ ನೆನಪಾದ. ಪಾತುಮ್ಮ ನೆನಪಾದರು. ಆಮೇಲೆ ಹನ್ನೊಂದು ಮಕ್ಕಳು.

ಬಸ್‌ಸ್ಟ್ಯಾಂಡಿನಿಂದಲೇ ಉದಯನಿಗೆ ಫೋನ್ ಮಾಡಿದೆ. "ಜೀಪಿನ ಬ್ರೇಕ್ ಸರಿ ಇಲ್ಲವಂತೆ, ನಾಳೆಯಿಂದ ತೆಗೆಯಬೇಡಿ, ಕೀ ನೀನೇ ಇಟ್ಟುಕೊ" ಎಂದೆ. ಸುಳ್ಳು ಹೇಳಿದ್ದೇನೆ. ನಿಜವನ್ನು ನೀನೇ ಹೇಳಬೇಕು ಎಂದು ಹೇಳಿದ ಸುಳ್ಳು.

ನಿನ್ನನ್ನು ಏನೆಂದು ತಿಳಿದೆನೋ ಅದಕ್ಕೆ ಕ್ಷಮಿಸು. ಆದರೆ ನಾನು ಹಾಗೆ ತಿಳಿಯಲಿ ಎಂದು ನೀನೇ ಬಿಟ್ಟೆಯಲ್ಲ. ಅದನ್ನು ನನ್ನಿಂದ ಇನ್ನೂ ಕ್ಷಮಿಸಲಾಗಿಲ್ಲ.

ಪೂವಮ್ಮ


ಸುಳ್ಯ
14 ಜನವರಿ 2025

ಮಾಯಿಲ,

ಉದಯ ಫೋನ್ ಮಾಡಿದ್ದ. ಮೆಕ್ಯಾನಿಕ್ ಬ್ರೇಕ್ ನೋಡಿದನಂತೆ, ಹೊಸದರ ಹಾಗಿದೆಯಂತೆ. "ಅತ್ತೆ, ಎಂತ ವಿಷಯ? ಅಪ್ಪ ಜೀಪಿನೊಳಗೆ ಸುಮ್ಮನೆ ಕೂತಿರ್ತಾರೆ, ಕೇಳಿದರೆ ಬೈತಾರೆ" ಎಂದ. ಅಪ್ಪನನ್ನೇ ಕೇಳು ಎಂದೆ.

ಸುಳ್ಳಿಗೆ ಇನ್ನು ಒಂದು ವಾರಕ್ಕಿಂತ ಹೆಚ್ಚು ಆಯುಷ್ಯವಿಲ್ಲ. ಉದಯನಿಗೆ ಹೇಳದಿದ್ದರೆ ನಾನು ಹೇಳುತ್ತೇನೆ. ಆದರೆ ಪಾತುಮ್ಮನಿಗೆ ನಾನು ಹೇಳುವುದಿಲ್ಲ. ಅಲ್ಲಿಗೆ ನೀನೇ ಹೋಗಬೇಕು.

ಪೂವಕ್ಕ


ಇಚಿಲಂಪಾಡಿ
29 ಜನವರಿ 2025, ಬುಧವಾರ

ಪ್ರೀತಿಯ ಅಕ್ಕ,

ನಾಲ್ಕು ಸಲ ಬರೆಯಲಿಕ್ಕೆ ಕೂತು ಎದ್ದೆ.

ಒಂದೂವರೆ ವರ್ಷದ ಹಿಂದೆ ಪುತ್ತೂರಿನ ಕಣ್ಣಿನ ಡಾಕ್ಟರು ಹೇಳಿದ್ದು. ಕಣ್ಣಿನೊಳಗೆ ಒತ್ತಡ, ಬದಿಯಿಂದ ದೃಷ್ಟಿ ಹೋಗುತ್ತಾ ಬರುತ್ತದೆ, ಹೋದದ್ದು ತಿರುಗಿ ಬರುವುದಿಲ್ಲ ಅಂತ. ಹನಿ ಔಷಧ ಬಿಡುತ್ತಾ ಇದ್ದೇನೆ. ಗಾಡಿ ಓಡಿಸುವುದು ನಿಲ್ಲಿಸಬೇಕು ಅಂತ ಅವರು ಆಗಲೇ ಹೇಳಿದ್ದರು. ಕೆಲಸ ಎಂತ ಅಂತ ಕೇಳಿದ್ದಕ್ಕೆ ನಾನು ಅವರಿಗೆ ಸುಳ್ಳು ಹೇಳಿದೆ, ರಬ್ಬರ್ ತೋಟ ಅಂದೆ.

ಥಿಯೇಟರಿನಲ್ಲಿ ಪರದೆಯ ಎರಡೂ ಬದಿಗೆ ಗೋಡೆಯಲ್ಲಿ ಕೆಂಪು ದೀಪದ ಅಕ್ಷರ ಉಂಟು, ಹೊರಗೆ ಹೋಗುವ ದಾರಿಯದ್ದು. ಎಫ್ ಹನ್ನೆರಡರಲ್ಲಿ ಕೂತು ಪರದೆಯ ನಡು ನೋಡಿದರೆ ಮೊದಮೊದಲು ಎರಡೂ ಕಾಣುತ್ತಿತ್ತು. ದೃಷ್ಟಿ ಎಷ್ಟು ಹೋಯಿತು ಅಂತ ಅದರಿಂದ ಅಳೆಯುತ್ತಿದ್ದೆ, ಹಾಗಾಗಿ ಸೀಟು ಬದಲಿಸಲಿಲ್ಲ. ಕಳೆದ ಮಳೆಗಾಲ, ಆಟಿ ತಿಂಗಳಲ್ಲಿ ಎಡದ್ದು ಹೋಯಿತು. ದೀಪಾವಳಿಗೆ ಬಲದ್ದು. ಆಮೇಲೆ ಪರದೆಯೇ ಸಣ್ಣ ಆಗುತ್ತಾ ಬಂತು. ನಾನು ನಿನಗೆ ಅದನ್ನು ಬರೆದದ್ದು ತಮಾಷೆಗೋ ಮತ್ತೆ ಎಂತಕ್ಕೋ, ನನಗೇ ಗೊತ್ತಿಲ್ಲ. ಸಿನಿಮಾ ಎಲ್ಲ ನೋಡಿದ್ದೇನೆ ಅಕ್ಕ, ಸುಳ್ಳಲ್ಲ. ನನಗೆ ಕಂಡಷ್ಟು ನೋಡಿದ್ದೇನೆ.

ರಸ್ತೆ ನನಗೆ ಬಾಯಿಪಾಠ. ಹಾಲಿನ ಸೊಸೈಟಿಯ ಹತ್ತಿರ ಜನ ಇದ್ದರೂ ಇಲ್ಲದಿದ್ದರೂ ನಿಲ್ಲಿಸುವುದು ಅಭ್ಯಾಸ. ತಿರುವಿನಲ್ಲಿ ಆ ಒಂದೇ ಮನೆಯವರು ನಿಲ್ಲುವುದು, ಅದೂ ಎಡಕ್ಕೆ. ಅವರು ನಿಂತಿದ್ದರು ಅಂತ ನನಗೆ ಗೊತ್ತಾದದ್ದೇ ನಿನ್ನ ಕಾಗದದಿಂದ. ಅಲ್ಲಿವರೆಗೆ ಅವರೇ ನಮ್ಮನ್ನು ಬಿಟ್ಟರು ಅಂತ ನನಗೂ ಒಳಗೆ ಸಿಟ್ಟಿತ್ತು. ಓದಿದ ದಿನ ಕಾಗದ ಮಡಿಸಿ ಜೀಪಿನಲ್ಲೇ ಕೂತುಬಿಟ್ಟೆ. ಆದರೂ ಕುರುಡ ಅಂತ ಅನ್ನಿಸಿಕೊಳ್ಳುವುದಕ್ಕಿಂತ ಕೆಟ್ಟವ ಅಂತ ಅನ್ನಿಸಿಕೊಂಡರೆ ಜೀಪು ಉಳಿಯುತ್ತದೆ ಅಂತ ಲೆಕ್ಕ ಹಾಕಿದೆ. ಮರುದಿನವೂ ಹನ್ನೊಂದು ಮಕ್ಕಳನ್ನು ಹತ್ತಿಸಿಕೊಂಡು ಹೋದೆ.

ಇದಕ್ಕಿಂತ ದೊಡ್ಡದು ಇನ್ನೊಂದು. ಆ ಐದು ದಿನವೂ ನನ್ನ ಪಕ್ಕದ ಸೀಟಿನಲ್ಲಿ ಕೃಷ್ಣಮೋಹನ ಇದ್ದ, ರೇಷನ್ ಅಂಗಡಿಯವ. ಅವನಿಗೆ ಎರಡೂ ಕಣ್ಣು ಸರಿ ಉಂಟು. ಮೊನ್ನೆ ಹೋಗಿ ಕೇಳಿದೆ, "ನಿನಗೆ ಕಂಡಿರಬೇಕಲ್ಲ, ನಿಲ್ಲಿಸು ಅಂತ ಯಾಕೆ ಹೇಳಲಿಲ್ಲ?" ಅವನು ನಕ್ಕ. "ನೀನು ಬೇಕೂಂತಲೇ ಬಿಟ್ಟದ್ದಲ್ಲವಾ? ಮಾಯಿಲನಿಗೆ ಈಗ ಬುದ್ಧಿ ಬಂತು ಅಂತ ನಾವು ಮಾತಾಡಿಕೊಂಡೆವು." ಬೆನ್ನು ತಟ್ಟಿದ, ಅಕ್ಕ.

ಉದಯನಿಗೆ ಹತ್ತೊಂಬತ್ತನೇ ತಾರೀಕು ಹೇಳಿದೆ. ಅವನು ಒಂದು ಮಾತೂ ಬೈಯಲಿಲ್ಲ. ಯಶಸ್ವಿಯನ್ನು ಕರೆದು ಮಡಿಲಲ್ಲಿ ಕೂರಿಸಿಕೊಂಡ. ಅವಳು ಆಡಲಿಕ್ಕೆ ಹೋಗಬೇಕು ಅಂತ ಕೊಸರಾಡಿದರೂ ಇಳಿಸಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಜೀಪು ಮಾರುವುದು ಅಂತ ಆಯಿತು.

ನಿನ್ನೆ ಪಾತುಮ್ಮನ ಮನೆಗೆ ಹೋದೆ. ಒಳಗೆ ಕರೆಯಲಿಲ್ಲ. ಜಗಲಿಯಲ್ಲಿ ನಿಂತೇ ಎಲ್ಲ ಹೇಳಿದೆ. ಅವರು ಎಲೆ ಅಡಿಕೆ ಜಗಿಯುತ್ತಾ ಕೇಳಿದರು.

"ಕಣ್ಣಾ? ಈಗ ಹೇಳುದಾ ಅದನ್ನು?" ಅಂದರು.

"ತಪ್ಪಾಯಿತು ಪಾತುಮ್ಮಕ್ಕ."

"ಅಂಗಳದ ಗೇಟು ಸರಿಯಾಗಿ ತೆಗೆದು ಬಂದೆಯಲ್ಲ ನೀನು? ನಾಯಿಯನ್ನೂ ತುಳಿಯಲಿಲ್ಲ."

"ಎದುರಿಗೆ ಕಾಣುತ್ತದೆ. ಬದಿಗೆ ಇಲ್ಲ."

ಅವರಿಗೆ ನಂಬಿಕೆ ಬರಲಿಲ್ಲ. ಎದ್ದು ನನ್ನ ಎಡಕ್ಕೆ ಹೋದರು. ಆಮೇಲೆ ಗದರಿದರು, "ಹೇಳು."

"ಎಂತ ಹೇಳುದು?"

"ಎಷ್ಟು ಬೆರಳು ಅಂತ ಹೇಳು ಮಾರಾಯಾ."

"ಎಲ್ಲಿ ಬೆರಳು?" ಅಂದೆ.

ಬಳೆಯ ಸದ್ದು ಕಿವಿಯ ಹತ್ತಿರವೇ ಆಯಿತು. ಕೈ ಅಲ್ಲೇ ಇತ್ತು ಅಂತ ಆಗ ಗೊತ್ತಾಯಿತು. ಅವರು ಒಳಗೆ ಹೋಗಿ, "ರಸೀನಾ, ಇವನಿಗೆ ಕುಡಿಯಲಿಕ್ಕೆ ಎಂತದಾದರೂ ಕೊಡು" ಅಂದರು. ಹೊರಗೆ ಬರಲಿಲ್ಲ. ನಂಬಿದರೋ ಇಲ್ಲವೋ ಗೊತ್ತಿಲ್ಲ. ನಾನು ಕೇಳಲಿಲ್ಲ.

ಇವತ್ತು ಬೆಳಿಗ್ಗೆ ಔಷಧಿಗೆ ಅಂತ ಕಡಬಕ್ಕೆ ಹೊರಟೆ. ಸೊಸೈಟಿಯ ಹತ್ತಿರ ಹೋಗಲು ಮನಸ್ಸಾಗಲಿಲ್ಲ, ಅಲ್ಲಿ ಕೃಷ್ಣಮೋಹನ ಇರುತ್ತಾನೆ. ಕೆಳಗೆ ತಿರುವಿಗೆ ನಡೆದು ಹೋದೆ. ಅಲ್ಲಿ ರಸೀನಾ ಹೊಲಿಗೆಯ ಚೀಲ ಹಿಡಿದು ನಿಂತಿದ್ದಳು. ಈಗ ನನ್ನ ಟ್ರಿಪ್ಪಿಗೆ ಬೇರೊಬ್ಬನ ಜೀಪು ಓಡುತ್ತದೆ. ಅವನ ಹೆಸರು ಬರೆಯುವುದಿಲ್ಲ, ನನ್ನ ಕೈಯಲ್ಲೇ ಡ್ರೈವಿಂಗ್ ಕಲಿತ ಹುಡುಗ. ಇವತ್ತಾದರೂ ನಿಲ್ಲಿಸುತ್ತಾನಾ ನೋಡುವ ಅಂತ ಅವಳು ನಿಂತದ್ದಂತೆ.

ಜೀಪು ಬಂತು. ಎದುರಿನಿಂದ ಬರುವಾಗ ನನಗೆ ಸರಿಯಾಗಿಯೇ ಕಂಡಿತು. ಹಿಂದೆ ಮೂರು ಜನರಿಗೆ ಜಾಗ ಇತ್ತು. ಅವಳು ಕೈ ತೋರಿಸಿದಳು. ನಾನು ಅವಳ ಹಿಂದೆ ಹಲಸಿನ ಮರದ ನೆರಳಿನಲ್ಲಿದ್ದೆ, ನಾನಿದ್ದದ್ದು ಅವನಿಗೆ ಗೊತ್ತಿಲ್ಲ. ಅವನು ಅವಳನ್ನು ನೋಡಿದ. ನೋಡಿದ್ದನ್ನು ನಾನು ನೋಡಿದೆ. ಗೇರ್ ಬದಲಿಸಿ ಹೋದ.

ಧೂಳು ಕೆಳಗೆ ಕೂತಿತು. ಆಮೇಲೆ ರಸೀನಾ ಚೀಲವನ್ನು ಹೆಗಲಿಗೆ ಹಾಕಿಕೊಂಡು ಕೇಳಿದಳು:

"ಇವನಿಗೂ ಕಣ್ಣಿನ ತೊಂದರೆಯಾ ಮಾಯಿಲಣ್ಣ?"

ಇಬ್ಬರೂ ನಡೆದೇ ಹೋದೆವು.

ನಿನ್ನ ತಮ್ಮ,
ಮಾಯಿಲಪ್ಪ